ಗೋಡೆಯ ಮೇಲಿನ ಕಾಕಾ

ಮೊನ್ನೆ ಮಗಳು ಟಿವಿಯಲ್ಲಿ ಕಾರ್ಟೂನ್ ಧಾರಾವಾಹಿ ನೋಡುತ್ತಿದ್ದಳು. ಸೂಪರ್‌ಹೀರೊ ಸಿನಿಮಾದ ಶೂಟಿಂಗ್ ಬಂದು ಊರಿಗೆ ಊರೇ ಹುಚ್ಚೆದ್ದು ಕುಣಿಯುವ ಎಪಿಸೋಡು. ಅವಳು ಬಿದ್ದು ಬಿದ್ದು ನಗುತ್ತಿದ್ದರೆ ನನಗೆ ಕೂರಲಾಗಲಿಲ್ಲ. ಲಕ್ಷ್ಮೇಶ್ವರದ ನಮ್ಮ ತವರುಮನೆಗೂ ಒಮ್ಮೆ ಅಂಥದೇ ಶೂಟಿಂಗ್ ಬಂದಿತ್ತು.

ಹೀರೊ ಹಾರಾಡಿದ್ದೆಲ್ಲ ಕಪ್ಪತಗುಡ್ಡದ ಗಾಳಿಯಂತ್ರಗಳ ನಡುವೆ. ಅವನು ಹುಟ್ಟಿದ ಮನೆ ಮಾತ್ರ ನಮ್ಮದು. ಪಡಸಾಲೆಗೆ ಅವನ ಸತ್ತ ಅಪ್ಪನ ಫೋಟೋ ಬೇಕೆಂದರು. ನಮ್ಮ ಕಾಕಾ, ಅದೇ ಮನೆಯಲ್ಲಿದ್ದ ಅಪ್ಪನ ತಮ್ಮ, ಗದಗ ಬಸ್ಸಿನ ಕಂಡಕ್ಟರ್. ಸಿನಿಮಾ ಎಂದರೆ ಊಟ ಬಿಡುವ ಆಸಾಮಿ. ಟ್ರಂಕಿನಿಂದ ತನ್ನ ಹರೆಯದ ಫೋಟೋ ತೆಗೆದುಕೊಟ್ಟ. ಹುರಿಮೀಸೆ, ತಲೆತುಂಬ ಕೂದಲು. ಅವರು ಅದನ್ನು ದೊಡ್ಡದು ಮಾಡಿಸಿ, ಕುಂಕುಮ ಹಚ್ಚಿ, ಗಂಧದ ಹಾರ ಹಾಕಿ, ಮುಂದೆ ದೀಪ ಇಟ್ಟರು.

"ಜೀವಂತ ಇದ್ದಾಂವಗ ಹಾರ ಹಾಕಬಾರದಲೇ," ಎಂದು ಅಪ್ಪ ಬೈದ.

"ಇರ್ಲಿ ಬಿಡಣ್ಣಾ, ಹಂಗಾದ್ರೂ ಪಿಕ್ಚರಿನ್ಯಾಗ ಬರ್ತೀನಲ್ಲ," ಎಂದ ಕಾಕಾ.

ಶೂಟಿಂಗಿನವರು ಹೋದ ಮೇಲೆ ಅಪ್ಪ ಹಾರ ತೆಗೆದು ಎಸೆದ. ಫೋಟೋ ಇಳಿಸಲು ಕಾಕಾನಿಗೆ ಮನಸ್ಸಾಗದೆ ಅದು ಅಜ್ಜನ ಫೋಟೋದ ಪಕ್ಕದಲ್ಲೇ ಉಳಿಯಿತು. ಮರುದಿನ ಬೆಳಗ್ಗೆ ನೋಡಿದರೆ ಅದಕ್ಕೆ ಹೊಸ ಹೂವಿನ ಹಾರ, ಮುಂದೆ ಉರಿಯುವ ದೀಪ. ಅಜ್ಜಿಯ ಕೆಲಸ. ಅವಳಿಗೆ ಮರೆವು ಶುರುವಾಗಿತ್ತು, ಆದರೆ ಅದು ಇಷ್ಟು ದೂರ ಹೋಗಿದೆ ಎಂದು ನಮಗೆ ಗೊತ್ತಿರಲಿಲ್ಲ.

ಹಿರಿಯರಿಗೆ ಎಡೆ ಹಿಡಿಯುವ ಅಮಾವಾಸ್ಯೆ ಬಂತು. ಅಜ್ಜಿ ಅಜ್ಜನಿಗೆ ಹೋಳಿಗೆ ಎಡೆ ಹಿಡಿದಳು, ಆಮೇಲೆ ಕಾಕಾನಿಗೂ ಹಿಡಿದು ಗಳಗಳ ಅತ್ತಳು. ಕಾಕಾ ಖಾಕಿ ಅಂಗಿಯಲ್ಲಿ ಅವಳ ಬೆನ್ನ ಹಿಂದೆಯೇ ನಿಂತಿದ್ದ.

"ಯವ್ವಾ, ನಾ ಇಲ್ಲೇ ಅದೀನಲ್ಲ!"

ಅಜ್ಜಿ ತಿರುಗಿ ಅವನ ಬೋಳು ತಲೆ, ನರೆತ ಗಡ್ಡ ನೋಡಿದಳು. "ಬಾರಪಾ, ಕುಂಡ್ರು. ನನ್ನ ಮಗನ ಎಡಿ ಐತಿ, ಉಂಡು ಹೋಗು."

ಕಾಕಾ ನಗಲು ನೋಡಿದ, ಆಗಲಿಲ್ಲ.

ಅವತ್ತೇ ಫೋಟೋ ಇಳಿಸಿ ಅಟ್ಟಕ್ಕೆ ಹಾಕಿದೆವು. ಅಜ್ಜಿ ಅನ್ನ ಮುಟ್ಟಲಿಲ್ಲ. "ನನ್ನ ಮಗನ್ನ ಎಲ್ಲಿ ಒಯ್ದ್ರಿ?" ಎಂದು ಖಾಲಿ ಮೊಳೆಯ ಕೆಳಗೆ ಕೂತುಬಿಟ್ಟಳು. ಕೊನೆಗೆ ಕಾಕಾನೇ ಏಣಿ ಹತ್ತಿ ಫೋಟೋ ತೂಗುಹಾಕಿದ, ಹಾರವನ್ನೂ ಅವನೇ ಹಾಕಿದ. ಆ ಸಿನಿಮಾದವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಅಲ್ಲಿಂದ ಮುಂದೆ ಡ್ಯೂಟಿ ಮುಗಿಸಿ ಬಂದ ಕಾಕಾ ತನ್ನದೇ ಫೋಟೋದ ಕೆಳಗೆ ಬೀಗರ ಹಾಗೆ ಕೂತು ಉಣ್ಣುತ್ತಿದ್ದ. ಒಂದು ಸಂಜೆ ಅಜ್ಜಿ ಅವನಿಗೆ ರೊಟ್ಟಿ ಹಾಕುತ್ತಾ ಕೇಳಿದಳು.

"ನಿಮ್ಮವ್ವ ಅದಾಳೇನಪಾ?"

ಕಾಕಾ ತಲೆ ಎತ್ತಲಿಲ್ಲ. "ಅದಾಳ್ರಿ."

"ಹಂಗಾರ ಜಲ್ದಿ ಮನಿಗೆ ಹೋಗು. ಪಾಪ, ದಾರಿ ಕಾಯ್ತಿರ್ತಾಳ."

ಕಾಕಾ ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಅಜ್ಜಿ ಹಿಂದೆಯೇ ಹೋಗಿ ಬಾಗಿಲಿನ ಚಿಲಕ ಹಾಕಿದಳು.