ಮುನಿಸಿಗೊಂದು ಬಾಗಿಲು

ಗುಡ್ಡದ ಅಂಚಿನಲ್ಲಿ ಸೂರ್ಯ ಇನ್ನೂ ಪೂರ್ತಿ ಎದ್ದಿಲ್ಲ. ಅರಿಜೋನಾದ ಕ್ವಾರ್ಟ್‌ಸೈಟ್ ಊರಿನ ಹೊರಗೆ, ಹಳೇ ಟ್ರೇಲರ್‌ಗಳನ್ನು ಮಾರುವ ಹೂಪರನ ಬಯಲಿನಲ್ಲಿ, ಅರ್ಲೀನ್ ಟಕೆಟ್ ಒಂದು ಬಿಳಿ ಟ್ರೇಲರಿನ ಗೋಡೆಗೆ ಕೆನ್ನೆ ಒತ್ತಿ ನಿಂತಿದ್ದಾರೆ. ಒಂದು ಕಣ್ಣು ಮುಚ್ಚಿಕೊಂಡಿದ್ದಾರೆ. ಗೊತ್ತಿಲ್ಲದವರು ಕಂಡರೆ, ಪಾಪ, ಈ ಹೆಂಗಸು ಗೋಡೆಗೇನೋ ಗುಟ್ಟು ಹೇಳುತ್ತಿದ್ದಾಳೆ ಅಂದುಕೊಳ್ಳಬೇಕು. ವಿಷಯ ಅಷ್ಟೇನೂ ನಿಗೂಢವಲ್ಲ. ಒಳಗೆ ನೀರಿಳಿದ ಗೋಡೆ ಹೊರಮೈಯಲ್ಲಿ ಉಬ್ಬುತ್ತದೆ, ಆ ಉಬ್ಬು ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಹೊತ್ತೇರಿದರೆ ಎಲ್ಲ ಗೋಡೆಯೂ ಒಂದೇ ಥರ ಹೊಳೆಯುತ್ತದೆ.

"ಮಧ್ಯಾಹ್ನದ ಹೊತ್ತಲ್ಲಿ ಎಲ್ರೂ ಚೆಂದಾನೇ ಕಾಣ್ತಾರೆ," ಎನ್ನುತ್ತಾರೆ ಅರ್ಲೀನ್, ಕೆನ್ನೆಯ ಧೂಳು ಒರೆಸಿಕೊಳ್ಳುತ್ತ. "ಬೆಳಿಗ್ಗೆ ಎದ್ದ ಮುಖ ನೋಡ್ಬೇಕು. ಗಂಡನದಾದ್ರೂ ಅಷ್ಟೆ, ಟ್ರೇಲರಿಂದಾದ್ರೂ ಅಷ್ಟೆ."

ಅರವತ್ತು ದಾಟಿದ ಅರ್ಲೀನ್ ಅವರ ಕೆಲಸ, ಬೇರೆಯವರು ಕೊಳ್ಳುವ ಮನೆಯನ್ನು ಪರೀಕ್ಷೆ ಮಾಡುವುದು. ಮನೆ ಅಂದರೆ ಗಾಲಿಯ ಮೇಲಿನ ಮನೆ. ಅದರಲ್ಲೂ ಇಲ್ಲಿ ಎಲ್ಲರೂ ಫಿಫ್ತ್ ವೀಲ್ ಅನ್ನುವ ದೊಡ್ಡ ಜಾತಿ: ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕತ್ತು ಚಾಚಿ ಕೂರುತ್ತದೆ, ಆ ಕತ್ತಿನ ಭಾಗದಲ್ಲೇ ಮೂರು ಮೆಟ್ಟಿಲು ಹತ್ತಿದರೆ ಮಲಗುವ ಕೋಣೆ. ರಜೆಗೆ ಹೋಗಿಬರುವವರು ಅರ್ಲೀನ್ ಅವರನ್ನು ಕರೆಯುವುದು ಕಡಿಮೆ. ಕರೆಯುವವರು ಊರಿನ ಮನೆ ಮಾರಿ, ವರ್ಷವಿಡೀ ಇದರಲ್ಲೇ ಬದುಕಲು ಹೊರಟವರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಇವರದು ಎರಡನ್ನೂ ಒಟ್ಟಿಗೆ ನೋಡುವ ಧೈರ್ಯ. ಮದುವೆಯಾಗಿ ಮೂವತ್ತು ನಲವತ್ತು ವರ್ಷ ಕಳೆದಮೇಲೆ ಒಂದು ಬಸ್ಸಿನಷ್ಟು ಅಗಲದ ಮನೆಗೆ ಬರುತ್ತಾರೆ.

ಇವತ್ತು ಬಂದಿರುವವರು ಮಿನೆಸೋಟಾದ ಲೊವೆಲ್ ಮತ್ತು ಟ್ರೂಡಿ ಹಾಗನ್. ಲೊವೆಲ್ ಅಂಚೆ ಹಂಚುತ್ತಿದ್ದವರು, ಟ್ರೂಡಿ ಶಾಲೆಯ ಅಡುಗೆಮನೆಯಲ್ಲಿದ್ದವರು. ಮನೆ ಮಾರಿಯಾಗಿದೆ. ಪಿಯಾನೊ ಅಕ್ಕನ ಮಗಳ ಪಾಲಾಗಿದೆ. ಉಳಿದ ಸಾಮಾನು ಟ್ರಕ್ಕಿನ ಹಿಂದಿದೆ, ಗಂಡ ಹೆಂಡತಿ ಮೋಟೆಲಿನಲ್ಲಿದ್ದಾರೆ. ಹೂಪರನ ಬಯಲಿನಲ್ಲಿ ಎರಡು ಟ್ರೇಲರ್ ಆರಿಸಿಟ್ಟುಕೊಂಡಿದ್ದಾರೆ, ಇವತ್ತು ಒಂದಕ್ಕೆ ಹೂಂ ಅನ್ನಬೇಕು. ಒಂದು, ಅರ್ಲೀನ್ ಕೆನ್ನೆ ಒತ್ತಿದ ಬಿಳಿಯದು. ಇನ್ನೊಂದು ಅದರ ಪಕ್ಕದಲ್ಲೇ ನಿಂತಿರುವ, ಬಣ್ಣ ಮಾಸಿದ ಕಂದು ಟ್ರೇಲರ್.

ಬಿಳಿಯದರ ಮೇಲೆ ಲೊವೆಲ್‌ಗೆ ಆಗಲೇ ಮನಸ್ಸು ಹೋಗಿದೆ. ಅದರಲ್ಲಿ ತೂಗುದೀಪ ಇದೆ, ಅಡುಗೆಮನೆಯ ನಡುವೆ ಕಲ್ಲಿನ ಹಾಗೆ ಕಾಣುವ ಕಟ್ಟೆ ಇದೆ, ಟಿವಿಯ ಕೆಳಗೆ ಕರೆಂಟಿನ ಬೆಂಕಿಗೂಡು ಇದೆ. ಗುಂಡಿ ಒತ್ತಿದರೆ ಸುಳ್ಳು ಜ್ವಾಲೆ ಕುಣಿಯುತ್ತದೆ.

"ನೋಡೇ ಟ್ರೂಡಿ, ಸೌದೆ ಒಡೀಬೇಕಾಗಿಲ್ಲ, ಬೂದಿ ಬಳೀಬೇಕಾಗಿಲ್ಲ!"

"ಮರುಭೂಮಿಗೆ ಬಂದು ಬೆಂಕಿ ಕಾಯಿಸ್ಕೋತೀಯಾ?" ಎನ್ನುತ್ತಾರೆ ಟ್ರೂಡಿ. ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಯಾರದೋ ಮನೆಗೆ ಬಂದ ನೆಂಟರ ಹಾಗೆ ನಿಂತಿದ್ದಾರೆ. ಅರ್ಲೀನ್ ಗಮನಿಸಿದ್ದು ಅದನ್ನೇ. ಕೊಳ್ಳಲು ಬಂದವರು ಕಪಾಟು ತೆಗೆದು ನೋಡಬೇಕು. ಟ್ರೂಡಿ ಒಂದನ್ನೂ ಮುಟ್ಟಿಲ್ಲ.

ಬಿಳಿ ಟ್ರೇಲರಿನ ಚಾವಣಿ ಏರಿ ಅರ್ಲೀನ್ ಮೊಣಕಾಲಲ್ಲೇ ಒಂದು ಸುತ್ತು ಹಾಕುತ್ತಾರೆ. ಅಂಟು ಬಿರುಕು ಬಿಟ್ಟಿದೆಯೇ ಅಂತ ಬೆರಳಾಡಿಸುತ್ತಾರೆ. ಇಳಿದು, ಪೈಪಿನಲ್ಲಿ ಕಿಟಕಿಗಳಿಗೆಲ್ಲ ನೀರು ಹೊಡೆದು, ಒಳಗೆ ಬಂದು ಮೂಲೆಮೂಲೆ ಮೂಸುತ್ತಾರೆ. ಮೇಲೆ ಥಳಕು ಒಳಗೆ ಹುಳುಕು ಇದ್ದೇ ಇರುತ್ತದೆ ಅಂತ ಅವರು ಮೊದಲೇ ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪಿದೆ. ಎಲ್ಲೂ ಒಂದು ಹನಿಯಿಲ್ಲ.

"ಒಣಗಿದೆ, ನನ್ನ ಗಂಟಲಿನ ಹಾಗೆ. ಹೂಪರ್, ನಿನ್ನ ಬಗ್ಗೆ ಕೆಟ್ಟದಾಗಿ ಅಂದ್ಕೊಂಡಿದ್ದೆ, ತಪ್ಪಾಯ್ತು."

"ನೀನು ಯಾವತ್ತು ಒಳ್ಳೇದು ಅಂದ್ಕೊಂಡಿದ್ದೆ ಬಿಡು," ಎನ್ನುತ್ತಾನೆ ಹೂಪರ್. ಇಬ್ಬರದೂ ಹಳೇ ಪರಿಚಯ. ಅರ್ಲೀನ್ ಬಂದ ದಿನ ಅವನ ವ್ಯಾಪಾರ ಅರ್ಧಕ್ಕರ್ಧ ಮುರಿಯುತ್ತದೆ, ಆದರೂ ಅವನೇ ಕಾಫಿ ತಂದುಕೊಡುತ್ತಾನೆ. "ಇವಳು ಸರಿ ಅಂದ್ರೆ ಗಿರಾಕಿ ಮತ್ತೆ ಬಂದು ನನ್ನ ಬಾಗಿಲು ಬಡಿಯಲ್ಲ. ಅದಕ್ಕೇ ಸಹಿಸ್ಕೋತೀನಿ."

ಆದರೆ ಬಾಗಿಲ ಪಕ್ಕದ ತೂಕದ ಚೀಟಿ ಓದಿ ಅರ್ಲೀನ್ ತುಟಿ ಕಚ್ಚುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಇಲ್ಲಿ ಬರೀ ಗಾದೆಯಲ್ಲ, ಗಾಲಿಯಚ್ಚು ಹೊರುವ ತೂಕದ ಲೆಕ್ಕ. "ಲೊವೆಲ್ ಅವರೇ, ಕಟ್ಟೆ, ದೀಪ, ಗೂಡು ಎಲ್ಲ ಸೇರಿ ಇದೇ ಭಾರ ಆಗ್ಬಿಟ್ಟಿದೆ. ಇನ್ನು ಹೊರೋ ಶಕ್ತಿ ಕಮ್ಮಿ. ನೀರಿನ ಟ್ಯಾಂಕ್ ತುಂಬಿಸಿ, ಬಟ್ಟೆ ಪಾತ್ರೆ ಇಟ್ರೆ ಮುಗೀತು. ರಜೆಗಾದ್ರೆ ಸಾಕು. ಬದುಕೋಕೆ ಸಾಲಲ್ಲ."

"ನಮ್ಮದೇನು ಮಹಾ ಸಾಮಾನು. ಎರಡು ಪೆಟ್ಟಿಗೆ, ಅಷ್ಟೆ."

"ನನ್ನ ಹೊಲಿಗೆ ಮಷೀನು?" ಟ್ರೂಡಿ ಕೇಳುತ್ತಾರೆ. ಲೊವೆಲ್ ಬೆಂಕಿಗೂಡಿನ ಗುಂಡಿ ಒತ್ತುತ್ತಾರೆ.

ಮುಂದಿನ ಪರೀಕ್ಷೆ ಯಾವ ಪುಸ್ತಕದಲ್ಲೂ ಇಲ್ಲ, ಅರ್ಲೀನ್ ಅವರ ಸ್ವಂತದ್ದು. ನಿಲ್ಲಿಸಿದಾಗ ಹೊರಕ್ಕೆ ಚಾಚಿಕೊಳ್ಳುವ ಗೋಡೆಗಳನ್ನೆಲ್ಲ ಒಳಕ್ಕೆ ಸರಿಸಿಬಿಡುತ್ತಾರೆ. ರಸ್ತೆಯಲ್ಲಿ ಹೋಗುವಾಗ ಮನೆ ಇರುವುದೇ ಹೀಗೆ. ಆಮೇಲೆ ಗಂಡ ಹೆಂಡತಿಯನ್ನು ಒಳಗೆ ಬಿಟ್ಟು ತಾವು ಹೊರಬರುತ್ತಾರೆ. "ನಾನು ಕಾಫಿ ಕುಡಿದು ಬರ್ತೀನಿ. ಅಷ್ಟರಲ್ಲಿ ಫ್ರಿಜ್ ತೆಗೀರಿ, ಬಚ್ಚಲಿಗೆ ಹೋಗಿ, ಒಬ್ಬರನ್ನೊಬ್ರು ದಾಟಿ ಓಡಾಡಿ. ಜಗಳ ಬಂದ್ರೆ ಆಡಿ. ಅದೂ ನೋಡ್ಬೇಕಾದ್ದೇ."

ಕಾಫಿ ಅರ್ಧ ಆಗುವಷ್ಟರಲ್ಲಿ ಜಗಳ ಬಂದೇಬಿಟ್ಟಿತು.

"ಸ್ವಲ್ಪ ಸರಿಯೋ!"

"ಎಲ್ಲಿಗೆ ಸರೀಲೇ? ಕಟ್ಟೆ ಮೇಲೆ ಹತ್ಲಾ?"

"ಬಚ್ಚಲಿಗೆ ದಾರಿಯೇ ಇಲ್ಲ ಕಣೋ ಇಲ್ಲಿ!"

"ಮೊದಲೇ ಹೋಗಿ ಬರ್ಬೇಕು ಕಣೇ!"

ಗೋಡೆ ತೆಳುವಾದ್ದರಿಂದ ಹೂಪರನ ನಾಯಿಗೂ ಕೇಳುತ್ತಿದೆ. ಬಚ್ಚಲಿನಿಂದ ಮಾತು ಹೊಲಿಗೆ ಮಷೀನಿಗೆ ಹೋಯಿತು, ಮಷೀನಿನಿಂದ ಪಿಯಾನೊಗೆ. "ಪಿಯಾನೊ ಕೊಟ್ಟೆ, ತೋಟ ಬಿಟ್ಟೆ. ನಿಂಗೆ ಸುಳ್ಳು ಬೆಂಕಿಗೆ ಜಾಗ ಇದೆ, ನನ್ನ ಮಷೀನಿಗೆ ಇಲ್ಲ!" ಮೂರು ಮೆಟ್ಟಿಲು ಧಡಧಡ ಹತ್ತಿದ ಸದ್ದು. ಏನೋ ಸರ್ರನೆ ಎಳೆದ ಸದ್ದು. ಮತ್ತೆ ಲೊವೆಲ್ ಅವರ ದನಿ. ಬಾಗಿಲು ತೆರೆದು ಟ್ರೂಡಿ ಇಳಿದು ಬಂದವರೇ, ಸುತ್ತ ನೋಡಿ, ಅರ್ಲೀನ್ ಅವರ ಟ್ರಕ್ಕಿನೊಳಗೆ ಹತ್ತಿ ಕೂತು ಬಾಗಿಲು ಹಾಕಿಕೊಂಡರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವುದು ಅಲುಗದೆ ನಿಂತ ಮನೆಗಳ ಮಾತು. ಉಣ್ಣುವ ಜಾಗದಿಂದ ಮಲಗುವ ಜಾಗಕ್ಕೆ ಮೂರೇ ಮೆಟ್ಟಿಲಿರುವ ಮನೆಯಲ್ಲಿ ಜಗಳ ಎಲ್ಲಿಗೆ ಹೋಗಬೇಕು? ಹಿಂದಿನ ರಾಜರು ರಾಣಿಯರಿಗೆಂದೇ ಕೋಪಗೃಹ ಕಟ್ಟಿಸುತ್ತಿದ್ದರಂತೆ. ಅವರಿಗೆ ಬುದ್ಧಿಯಿತ್ತು. ಟ್ರೇಲರ್ ಮಾಡುವವರಿಗೆ ತೂಗುದೀಪ ನೆನಪಾಗುತ್ತದೆ, ಇದು ನೆನಪಾಗುವುದಿಲ್ಲ.

ಅರ್ಲೀನ್ ಹೋಗಿ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಮಿಕ್ಕ ಕಾಫಿಯನ್ನು ಮುಂದೆ ಹಿಡಿಯುತ್ತಾರೆ.

"ಬಾಗಿಲು ಹಾಕ್ಕೊಳ್ಳೋಣ ಅಂತ ಹೋದೆ," ಎನ್ನುತ್ತಾರೆ ಟ್ರೂಡಿ. "ಬಾಗಿಲೇ ಇಲ್ಲ. ಪರದೆ. ಅದನ್ನ ಸರಿಸಿ, ತಲೆ ತೂರಿಸಿ, 'ನಾನು ಹೇಳಿದ್ದು ಏನಂದ್ರೆ' ಅಂತ ಮತ್ತೆ ಶುರು ಮಾಡ್ದ." ಕಾಫಿ ಒಂದು ಗುಟುಕು ಕುಡಿದು, ಸಣ್ಣ ದನಿಯಲ್ಲಿ, "ಒಳ್ಳೆಯವನೇ. ಆದ್ರೆ ಮನೆ ಮಾರಿ ಆಯ್ತು. ಇದು ಸರಿಹೋಗ್ಲಿಲ್ಲ ಅಂದ್ರೆ ನಾನು ಎಲ್ಲಿಗೆ ಹೋಗ್ಲಿ ಹೇಳಿ?"

"ನೋಡಮ್ಮ, ನೀವು ಕೂತಿರೋ ಈ ಸೀಟಲ್ಲಿ ನಾನು ಒಂದಿಡೀ ಚಳಿಗಾಲ ಮುನಿಸ್ಕೊಂಡು ಕೂತಿದ್ದೆ," ಎನ್ನುತ್ತಾರೆ ಅರ್ಲೀನ್.

ಅದು ನಿಜ. ಕಾನ್ಸಾಸಿನಲ್ಲಿ ಶಾಲಾಬಸ್ ಓಡಿಸುತ್ತಿದ್ದ ಅರ್ಲೀನ್, ಧಾನ್ಯದ ಗೋದಾಮಿನಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ಗಂಡ ಡ್ವೇನ್, ಇಬ್ಬರೂ ಕೆಲಸ ಬಿಟ್ಟು ಮೊದಲು ಕೊಂಡದ್ದು ಇಂಥದೇ ಥಳಕಿನ ಟ್ರೇಲರ್. ಆರೆಗಾನ್ ಮಳೆಗೆ ಅದರ ಚಾವಣಿ ಹಾಸಿಗೆಯ ಮೇಲೆ ಬಂದು ಮಲಗಿತು. ತಪ್ಪು ಯಾರದು ಅಂತ ಇಬ್ಬರಿಗೂ ಖಚಿತವಾಗಿ ಗೊತ್ತಿತ್ತು, ಇಬ್ಬರಿಗೂ ಬೇರೆಬೇರೆ ಉತ್ತರ ಗೊತ್ತಿತ್ತು. ಅಲ್ಲೂ ಬಾಗಿಲಿರಲಿಲ್ಲ. ಅರ್ಲೀನ್ ಟ್ರಕ್ಕಿಗೆ ಬಂದು ಕೂರುತ್ತಿದ್ದರು, ಡ್ವೇನ್ ಕಿಟಕಿಯ ಗಾಜು ತಟ್ಟಿ, ಮಾತಾಡದೆ ಕಾಫಿ ಕೊಟ್ಟು ಹೋಗುತ್ತಿದ್ದರು. ಟ್ರೇಲರ್ ಹಾಳಾಯಿತು, ಸಂಸಾರ ಉಳಿಯಿತು. ಅದು ಎಲ್ಲರಿಗೂ ಆಗುವಂಥದ್ದಲ್ಲ ಅಂತ ಅರ್ಲೀನ್‌ಗೆ ಗೊತ್ತು. ಆಮೇಲೆ ಪಕ್ಕದ ಬಿಡಾರದವರು "ನಮ್ಮದೂ ಸ್ವಲ್ಪ ನೋಡಿ" ಅನ್ನತೊಡಗಿದರು. ಅರ್ಲೀನ್ ಈ ಕೆಲಸದ ತರಬೇತಿ ಮುಗಿಸಿ ಪರೀಕ್ಷೆ ಪಾಸು ಮಾಡಿದರು. ಈಗಿನ ಅವರ ಟ್ರೇಲರಿನ ಮಲಗುವ ಕೋಣೆಗೆ ಮರದ ಬಾಗಿಲಿದೆ. ತೆಗೆದಾಗ ಇಡೀ ಬಿಡಾರಕ್ಕೆ ಕೇಳುವಂತೆ ಕಿರ್ರನ್ನುತ್ತದೆ. ಎಣ್ಣೆ ಡಬ್ಬಿ ಹಿಡಿದು ಡ್ವೇನ್ ವರ್ಷಗಳಿಂದ ಕಾಯುತ್ತಿದ್ದಾರೆ, ಅಪ್ಪಣೆ ಸಿಕ್ಕಿಲ್ಲ.

"ಹಾಗಾದ್ರೆ ಯಾವುದನ್ನ ತಗೊಳ್ಳೋಣ?" ಟ್ರೂಡಿ ಕೇಳುತ್ತಾರೆ.

"ನನ್ನ ಕೆಲಸ ಹುಳುಕು ಹೇಳೋದು. ಆರಿಸೋದು ಅದ್ರಲ್ಲಿ ಇರೋವ್ರ ಕೆಲಸ. ಬನ್ನಿ, ಇನ್ನೊಂದು ನೋಡೋಣ. ಗಂಡನ ಜೊತೆ ಮಾತಾಡ್ಲೇಬೇಕು ಅಂತೇನಿಲ್ಲ."

ಕಂದು ಟ್ರೇಲರಿನಲ್ಲಿ ಹುಳುಕಿಗೆ ಬರವಿಲ್ಲ. ಒಳಗೆ ಮುದಿನಾಯಿಯ ವಾಸನೆ. ನೀರು ಹೊಡೆದರೆ ಊಟದ ಮೇಜಿನ ಕಿಟಕಿಯಲ್ಲಿ ಒಂದು ಹನಿ ಇಣುಕಿತು. ಟೈರುಗಳ ಆಯಸ್ಸು ಮುಗಿದಿದೆ. ಅರ್ಲೀನ್ ಒಂದನ್ನೂ ಮುಚ್ಚಿಡದೆ ಜೋರಾಗಿ ಹೇಳುತ್ತಾರೆ, ಹೂಪರ್ ಪ್ರತಿ ಸಲ ತಲೆ ಕೆರೆದುಕೊಳ್ಳುತ್ತಾನೆ. ಆದರೆ ಕಿಟಕಿಯ ಕೆಳಗಿನ ಹಲಗೆ ಗಟ್ಟಿಯಾಗಿದೆ, ಅಂದರೆ ಸೋರಿಕೆ ಹೊಸದು. ಗೋಡೆ ದಪ್ಪ, ಅಡಿಯ ಕಬ್ಬಿಣದ ಚೌಕಟ್ಟಿನಲ್ಲಿ ಬಿರುಕಿಲ್ಲ. ಹೊರುವ ತೂಕ ಬಿಳಿಯದರ ಎರಡರಷ್ಟು, ಲೊವೆಲ್ ಅವರ ಟ್ರಕ್ಕು ಎಳೆಯಬಲ್ಲಷ್ಟೇ ಭಾರ. ಗೋಡೆಗಳನ್ನು ಒಳಕ್ಕೆ ಸರಿಸಿದರೂ ಫ್ರಿಜ್ಜಿಗೆ ಕೈ ಎಟಕುತ್ತದೆ, ಬಚ್ಚಲಿಗೆ ದಾರಿಯಿದೆ.

"ಯಾರದೋ ತಾತನ ಮನೆ ಇದ್ದಂಗಿದೆ," ಎನ್ನುತ್ತಾರೆ ಲೊವೆಲ್.

ಟ್ರೂಡಿ ಕೈಚೀಲ ಹಿಡಿದುಕೊಂಡೇ ಮುಂದೆ ಹೋಗುತ್ತಾರೆ. ಮೂರು ಮೆಟ್ಟಿಲು ಹತ್ತುತ್ತಾರೆ. ಮೇಲೆ ಹಿತ್ತಾಳೆಯ ಹಿಡಿಯಿರುವ ಮರದ ಬಾಗಿಲು. ಅದನ್ನೊಮ್ಮೆ ನೋಡಿ, ಗಂಡನನ್ನೊಮ್ಮೆ ನೋಡಿ, ಒಳಗೆ ಹೋಗಿ ಹಾಕಿಕೊಳ್ಳುತ್ತಾರೆ. ಢಬ್ ಅನ್ನುವ ಸದ್ದಾಗುತ್ತದೆ.

ಲೊವೆಲ್ ಸೋಫಾದ ಮೇಲೆ ಕೂರುತ್ತಾರೆ, ಏಳುತ್ತಾರೆ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾರೆ. ಅರ್ಲೀನ್ ಟಾರ್ಚು ಹಿಡಿದು, ಆಗಲೇ ನೋಡಿದ ಕಪಾಟನ್ನೇ ಮತ್ತೆ ನೋಡುತ್ತಾರೆ. ಕಿವಿ ಮಾತ್ರ ಬಾಗಿಲ ಕಡೆಗಿದೆ. ಇಂಥ ಬಾಗಿಲು ತೆರೆದಾಗ ಕೆಲವರು ಕೈಚೀಲ ಹಿಡಿದು ನೇರ ಹೊರಗೆ ನಡೆದದ್ದೂ ಇದೆ.

ಕೊನೆಗೆ ಲೊವೆಲ್ ಹೋಗಿ ಮೆಲ್ಲಗೆ ಬಾಗಿಲು ತಟ್ಟುತ್ತಾರೆ. ಜೀವಮಾನವೆಲ್ಲ ಊರವರ ಬಾಗಿಲು ತಟ್ಟಿದ ಅಂಚೆಯಣ್ಣ, ಹೆಂಡತಿಯ ಬಾಗಿಲು ತಟ್ಟುತ್ತಿರುವುದು ಬಹುಶಃ ಇದೇ ಮೊದಲು.

"ಟ್ರೂಡಿ?"

"ಏನು?"

"ಒಳಗೆ ಬರ್ಲಾ?"

"ಇನ್ನೂ ಇಲ್ಲ."

ದನಿಯಲ್ಲಿ ಸಿಟ್ಟಿಲ್ಲ. ಅದರ ಬೆನ್ನಿಗೇ ಇನ್ನೊಂದು ಸದ್ದು: ಅಳತೆಟೇಪು ಎಳೆದದ್ದು, ಸರಕ್ಕನೆ ಒಳಕ್ಕೆ ಸುತ್ತಿಕೊಂಡದ್ದು. ಕೈಚೀಲದಲ್ಲಿ ಇಷ್ಟು ಹೊತ್ತೂ ಇದ್ದದ್ದು ಅದು. ಅರ್ಲೀನ್ ಟಾರ್ಚು ಆರಿಸಿ ಜೇಬಿಗಿಟ್ಟುಕೊಳ್ಳುತ್ತಾರೆ. ಅವರ ಕೆಲಸ ಮುಗಿಯಿತು.

ಬಾಗಿಲು ತೆರೆಯುತ್ತದೆ. "ಮಷೀನು ಕಿಟಕಿ ಕೆಳಗೆ ಸರಿಯಾಗಿ ಕೂರುತ್ತೆ ಕಣೋ. ಬೆಳಕೂ ಚೆನ್ನಾಗಿದೆ."

"ಬೆಂಕಿಗೂಡು?" ಲೊವೆಲ್ ಆಸೆ ಬಿಟ್ಟಿಲ್ಲ.

"ಚಳಿ ಆದ್ರೆ ಹೊದಿಕೆ ಹೊಲಿದು ಕೊಡ್ತೀನಿ. ದೀಪ ಬೇಕಾದ್ರೆ ಆಕಾಶ ನೋಡು."

ಲೊವೆಲ್ ನಗುತ್ತಾರೆ. ಹೂಪರ್ ಟೈರು, ಕಿಟಕಿ ತಾನೇ ಸರಿಮಾಡಿಸಿಕೊಡುವುದಾಗಿ ಒಪ್ಪಿ, ಅರ್ಲೀನ್ ಕಡೆ ಒಮ್ಮೆ ದುರುಗುಟ್ಟಿ ನೋಡಿ, ಕಾಗದ ತರಲು ಹೋಗುತ್ತಾನೆ. ಆಮೇಲಿನ ಗಡಿಬಿಡಿಯಲ್ಲಿ ಅರ್ಲೀನ್ ಅಲ್ಲಿರುವುದು ಯಾರಿಗೂ ನೆನಪಿಲ್ಲ. ಇದು ಅವರಿಗೆ ಹೊಸದಲ್ಲ. ಕೊಂಡವರು ಮಾರಿದವನ ಹೆಸರು ನೆನಪಿಟ್ಟುಕೊಳ್ಳುತ್ತಾರೆ. ಚಾವಣಿಯ ಮೇಲೆ ಮೊಣಕಾಲೂರಿದವರ ಹೆಸರು ಯಾರಿಗೆ ಬೇಕು?

"ಫೋನ್ ಬರ್ಲಿಲ್ಲ ಅಂದ್ರೆ ಚೆನ್ನಾಗಿದಾರೆ ಅಂತ ಲೆಕ್ಕ," ಎನ್ನುತ್ತಾರೆ ಅರ್ಲೀನ್. "ನಂಗೆ ಎಷ್ಟೊಂದು ಜನ ಫೋನ್ ಮಾಡಲ್ಲ ಗೊತ್ತಾ!"

ಮಧ್ಯಾಹ್ನ ಅವರ ಸ್ವಂತ ಬಿಡಾರದಲ್ಲಿ ಡ್ವೇನ್ ಹುರುಳಿಕಾಯಿ, ಮೆಕ್ಕೆಜೋಳದ ರೊಟ್ಟಿ ಮಾಡಿಟ್ಟಿದ್ದಾರೆ. ಕೈತೊಳೆಯಲು ಅರ್ಲೀನ್ ಒಳಬಾಗಿಲು ತೆಗೆದರೆ, ಕಿರ್ರೋ ಅನ್ನುತ್ತದೆ.

"ಇವಳಿಗೆ ನೀವಾದ್ರೂ ಹೇಳಿ," ಎನ್ನುತ್ತಾರೆ ಡ್ವೇನ್, ಅರ್ಲೀನ್ ಅವರ ಕೆಲಸ ನೋಡಿ ಬರೆಯಲು ಜೊತೆಗೆ ಬಂದವರ ಕಡೆ ತಿರುಗಿ. "ಒಂದೇ ಒಂದು ಹನಿ ಎಣ್ಣೆ. ಊರೋರ ಬಾಗಿಲೆಲ್ಲ ಸರಿ ಮಾಡಿಸ್ತಾಳೆ."

ಇನ್ನೇನಾದರೂ ಆಸೆ ಇದೆಯೇ ಅಂತ ಕೇಳಿದರೆ, ಅರ್ಲೀನ್ ರೊಟ್ಟಿ ಮುರಿಯುತ್ತ ಯೋಚಿಸುತ್ತಾರೆ. ದೊಡ್ಡ ಟ್ರೇಲರ್ ಬೇಡವಂತೆ, ಹೆಸರೂ ಬೇಡವಂತೆ.

"ಆ ಬಾಗಿಲು ಹಾಗೇ ಇದ್ರೆ ಸಾಕು. ಸಿಟ್ಟು ಬಂದಾಗ ಹಾಕ್ಕೋತೀನಿ. ಇಳಿದ ಮೇಲೆ ತೆಗೀತೀನಿ, ಅದು ಕಿರ್ರನ್ನುತ್ತೆ, ಇವನು ಅಲ್ಲಿಂದ್ಲೇ ಕಾಫಿಗೆ ನೀರಿಡ್ತಾನೆ. ನಮ್ಮಿಬ್ರಿಗೂ ತಪ್ಪಾಯ್ತು ಅನ್ನೋಕೆ ಬಾಯಿ ಬರಲ್ಲ. ಆ ಬಾಗಿಲೇ ಅಂದ್ಬಿಡುತ್ತೆ."

ಡ್ವೇನ್ ಎಣ್ಣೆ ಡಬ್ಬಿಯನ್ನು ಕಪಾಟಿನೊಳಗೆ, ಹಿಂದಕ್ಕೆ ತಳ್ಳಿ ಇಡುತ್ತಾರೆ.