ಆರೂವರೆ ಬಸ್ಸಿನ ಪೇಪರ್ ಕಟ್ಟು

ಪ್ರತಿ ವರ್ಷ ಡಿಸೆಂಬರಿನ ಕೊನೆಯ ಭಾನುವಾರ, ಬೆಳಗಿನ ತಿಂಡಿ ಮುಗಿಸಿ ತಟ್ಟೆ ತೊಳೆದಿಟ್ಟ ಮೇಲೆ, ಆ ವರ್ಷದ ಬಗ್ಗೆ ಎರಡು ಪುಟ ಬರೆಯುತ್ತೇನೆ. ಎರಡೇ. ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಒಬ್ಬ ರೋಗಿಯ ಇಡೀ ದಿನವನ್ನು ನಾಲ್ಕು ಸಾಲಿನಲ್ಲಿ ಬರೆದು ಮುಂದಿನ ಡ್ಯೂಟಿಯವರಿಗೆ ಒಪ್ಪಿಸಿದ ಕೈಗೆ ಎರಡು ಪುಟ ಧಾರಾಳ. ಏನು ನೋಡಿದೆ, ಏನು ಓದಿದೆ, ಯಾವ ಸುದ್ದಿ ಮನಸ್ಸಿನಲ್ಲಿ ನಿಂತಿತು, ಯಾರ ಉಪಕಾರ ಮರೆಯಬಾರದು, ಇಷ್ಟು ಬರೆದರೆ ವರ್ಷ ಮುಗಿಯಿತು. ಈ ಸಲ ಮಾತ್ರ ಎರಡು ಪುಟ ಸಾಲಲಿಲ್ಲ.

ನೋಡಿದ್ದನ್ನು ಮೊದಲು ಹೇಳಿಬಿಡುತ್ತೇನೆ, ಅದು ಚಿಕ್ಕದು. ಒಂದು ತೆಲುಗು ಧಾರಾವಾಹಿ ನೋಡಿದೆ. ನಾನು ರಾಯದುರ್ಗದಲ್ಲಿ, ನನ್ನ ತಂಗಿ ಮಡಕಶಿರದಲ್ಲಿ, ಇಬ್ಬರೂ ಒಂದೇ ಹೊತ್ತಿಗೆ ಕೂತು ನೋಡುತ್ತೇವೆ. ಜಾಹೀರಾತು ಬಂದ ಕೂಡಲೇ ಅವಳ ಫೋನು ಬರುತ್ತದೆ, ಅತ್ತೆಯದು ತಪ್ಪೋ ಸೊಸೆಯದು ತಪ್ಪೋ ಎಂದು ತೀರ್ಮಾನವಾಗುತ್ತದೆ. ಟಾಕೀಸಿನಲ್ಲಿ ಅರ್ಧ ಸಿನಿಮಾ ನೋಡಿದೆ. ವಿರಾಮದ ಹೊತ್ತಿಗೆ ನನ್ನ ಊಟದ ಸಮಯವಾಗಿತ್ತು, ಎದ್ದು ಬಂದೆ. ಬೆಳುಗುಪ್ಪದ ಶಾಲೆಯೊಂದರಲ್ಲಿ ಮಧ್ಯಾಹ್ನ ತೊಗಲುಗೊಂಬೆ ಆಡಿಸಿದ್ದರು. ಗೊಂಬೆಯ ರಾಜ ತೆಲುಗಿನಲ್ಲಿ ಹಾಡುತ್ತಿದ್ದ, ಕೋಡಂಗಿ ಕನ್ನಡದಲ್ಲಿ ಅವನ ಕಾಲೆಳೆಯುತ್ತಿದ್ದ. ಮಕ್ಕಳು ಎರಡಕ್ಕೂ ಒಂದೇ ಸಮ ನಕ್ಕರು. ಅದನ್ನು ಮಾತ್ರ ಪೂರ್ತಿ ನೋಡಿದೆ.

ಓದಿದ್ದು, ಗ್ರಂಥಾಲಯದ ಕನ್ನಡ ಬೀರುವಿನಿಂದ ತಂದ ಏಳು ಪುಸ್ತಕ. ಊಟದ ನಂತರ ದಿನಕ್ಕೆ ಹತ್ತು ಪುಟ, ಕಥೆ ಎಷ್ಟೇ ಬಿಗಿಯಾಗಿರಲಿ ಹನ್ನೊಂದನೆಯದಿಲ್ಲ. ಎಂಟನೆಯ ಪುಸ್ತಕವನ್ನು ನಲವತ್ತು ಪುಟಕ್ಕೆ ನಿಲ್ಲಿಸಿ ವಾಪಸು ಕೊಟ್ಟೆ. ಅದರಲ್ಲಿದ್ದ ನರ್ಸಿಗೆ ಥರ್ಮಾಮೀಟರ್ ಹಿಡಿಯಲು ಬರುತ್ತಿರಲಿಲ್ಲ.

ಇನ್ನು ಸುದ್ದಿ. ನಮ್ಮೂರಿಗೆ ಕನ್ನಡ ಪೇಪರು ಬರುವುದು ಬಳ್ಳಾರಿಯಿಂದ, ಬೆಳಗಿನ ಆರೂವರೆ ಬಸ್ಸಿನಲ್ಲಿ. ಮನೆಗೆ ತಂದು ಹಾಕುವವರನ್ನು ಕಾಯುವ ಸ್ವಭಾವ ನನ್ನದಲ್ಲ. ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ, ಏಜೆಂಟರು ಕಟ್ಟು ಬಿಚ್ಚುವುದನ್ನು ನೋಡಿ, ಮೇಲಿನದನ್ನು ಬಿಟ್ಟು ಎರಡನೆಯದನ್ನು ಎಳೆದುಕೊಳ್ಳುತ್ತೇನೆ. ಮೇಲಿನದಕ್ಕೆ ಬಸ್ಸಿನ ಧೂಳು ಹಿಡಿದಿರುತ್ತದೆ. ಮೊದಲ ಪುಟ, ಜಿಲ್ಲೆಯ ಸುದ್ದಿ, ಸಂಪಾದಕೀಯ, ಓದುಗರ ಪತ್ರ, ಈ ಕ್ರಮ ತಪ್ಪುವುದಿಲ್ಲ. ಸಿನಿಮಾ ಪುಟ ಬಿಚ್ಚದೆ ನೇರ ಎಣ್ಣೆ ಡಬ್ಬದ ಕೆಳಗೆ ಹೋಗುತ್ತದೆ.

ಆಗಸ್ಟಿನಲ್ಲಿ ಒಂದು ದಿನ ಏಜೆಂಟರು ಕಟ್ಟು ಬಿಚ್ಚುವ ಮೊದಲೇ ಮಾತು ತೆಗೆದರು.

“ಸಿಸ್ಟರಮ್ಮ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.”

“ಹೇಳ್ರಿ. ಸಿಟ್ಟಿನ ವಿಚಾರ ಆಮೇಲೆ ನೋಡೋಣು.”

“ಕನ್ನಡ ಪೇಪರು ಏಳಕ್ಕ ಇಳದೈತ್ರಿ. ಇಪ್ಪತ್ತಕ್ಕಿಂತ ಕಮ್ಮಿ ಆದ್ರ ಕಟ್ಟು ಕಳಸಂಗಿಲ್ಲ ಅಂತಾರ ಬಳ್ಳಾರಿಯವ್ರು. ಮುಂದಿನ ತಿಂಗಳು ಒಂದು ನೋಡ್ತಾರಂತ, ಆಮೇಲೆ ಬಂದ್.”

“ಓದೋರೆಲ್ಲ ಎಲ್ಲಿ ಹೋದ್ರು?”

“ಅರ್ಧ ಮಂದಿ ಮ್ಯಾಲಕ್ಕ ಹೋದ್ರು. ಉಳದೋರು ಫೋನ್ನಾಗ ನೋಡ್ತಾರ. ನೀವೂ ಫೋನ್ನಾಗ ನೋಡ್ರಲ್ಲ.”

“ಫೋನ್ನಾಗ ಹುಣಸೆಹಣ್ಣು ಕಟ್ಟಾಕ ಬರತೈತೇನ್ರಿ?”

ಅವರು ನಕ್ಕರು. ನನಗೆ ನಗು ಬರಲಿಲ್ಲ. ಗಡಿಯ ತೆಲುಗು ಕಡೆಗೆ ಸೇರಿದ ಈ ಊರಿನಲ್ಲಿ ನಾವು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಎರಡೂ, ಕಚೇರಿಯಲ್ಲಿ ತೆಲುಗು ಆಡಿಕೊಂಡು ಬಂದವರು. ಅದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ರೇಷನ್ ಕಾರ್ಡಿನಿಂದ ಔಷಧಿ ಚೀಟಿಯವರೆಗೆ ಎಲ್ಲವೂ ಬೇರೆ ಅಕ್ಷರದಲ್ಲಿ ಬರುವಾಗ, ಮನೆಯ ಮಾತಿನಲ್ಲಿ ಅಚ್ಚಾಗಿ, ದಿನ ತಪ್ಪದೆ ನನ್ನ ಕೈಗೆ ಬರುತ್ತಿದ್ದುದು ಅದೊಂದೇ. ಅದು ನಿಂತರೆ ಬೆಳಗಿನ ಆರೂವರೆಗೆ ನಾನು ಎಲ್ಲಿಗೆ ಹೋಗಬೇಕು? ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಕೊನೆಯ ದಿನಕ್ಕೆ ಗುರುತು ಹಾಕಿದೆ. ಹದಿಮೂರು ಮಂದಿ ಬೇಕಿತ್ತು.

ಸಂಜೆ ನಾಲ್ಕೂವರೆಯಿಂದ ಆರರವರೆಗೆ, ದಿನಕ್ಕೆ ಐದು ಮನೆ. ಬಟ್ಟೆ ಅಂಗಡಿಯವರು, ಎಣ್ಣೆ ಗಾಣದವರ ಮನೆಯವರು, ಮೆಸ್ ನಡೆಸುವವರು, ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳು. ಈ ಊರಿನಲ್ಲಿ ನಾನು ಇಂಜೆಕ್ಷನ್ ಕೊಡದ ಮನೆ ಕಡಿಮೆ. ಬಾಗಿಲಲ್ಲಿ ನಿಂತು, “ಕನ್ನಡ ಪೇಪರು ಹಾಕಿಸಿಕೊಳ್ರಿ, ಇಲ್ಲಂದ್ರ ನಿಂತು ಹೋಗತೈತಿ,” ಎನ್ನುತ್ತಿದ್ದೆ. “ಆಯ್ತು ಸಿಸ್ಟರಮ್ಮ,” ಎನ್ನುತ್ತಿದ್ದರು. ಒಬ್ಬರೂ ಇಲ್ಲವೆನ್ನಲಿಲ್ಲ. ಮೂರೇ ದಿನಕ್ಕೆ ಹದಿನೈದು ಹೆಸರು ಸೇರಿ ಇಪ್ಪತ್ತೆರಡಾಯಿತು.

ತಂಗಿಗೆ ಫೋನು ಮಾಡಿ ಹೇಳಿದೆ. ಅವಳು, “ಬರೀ ಕೈಯಾಗೆ ಹೋಗಿದ್ದಾ, ಸೂಜಿ ಹಿಡ್ಕಂಡು ಹೋಗಿದ್ದಾ ಅಕ್ಕಾ?” ಎಂದಳು.

ಅವಳ ಕುಹಕ ಎಷ್ಟು ನಿಜವೆಂದು ಗೊತ್ತಾದದ್ದು ಸೆಪ್ಟೆಂಬರಿನ ಮೂರನೆಯ ವಾರ. ಹಿಂದಿನ ಓಣಿಯಲ್ಲಿ ಜೀನ್ಸ್ ಹೊಲಿಯುವ ಒಬ್ಬಳಿದ್ದಾಳೆ, ಅವಳ ಎರಡೂ ಹೆರಿಗೆಗೆ ನಾನೇ ಇದ್ದೆ. ಅವಳ ಮನೆಗೆ ಹೋದಾಗ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಪೇಪರುಗಳು ಒಂದರ ಮೇಲೊಂದು ಚೊಕ್ಕಟವಾಗಿ ಜೋಡಿಸಿದ್ದು ಕಂಡಿತು. ನನಗೆ ಸಂತೋಷವೇ ಆಯಿತು. ಮೇಲಿನದನ್ನು ಎತ್ತಿ ನೋಡಿದೆ. ಮಡಿಕೆ ಮುರಿದಿರಲಿಲ್ಲ. ಕೆಳಗಿನದೂ ಹಾಗೆಯೇ.

“ಏನವ್ವಾ, ಒಂದೂ ಬಿಚ್ಚಿಲ್ಲಲ್ಲ?”

ಅವಳು ಮಿಷನ್ ನಿಲ್ಲಿಸಿ ತಲೆ ತಗ್ಗಿಸಿದಳು. “ನನಗ ಕನ್ನಡ ಓದಾಕ ಬರಂಗಿಲ್ರಿ ಸಿಸ್ಟರಮ್ಮ. ನಾ ತೆಲುಗು ಮೀಡಿಯಂ.”

“ಮತ್ತ ಯಾಕ ಹೂಂ ಅಂದಿ?”

“ನೀವು ಕೇಳಿದ್ರಿ. ನಿಮಗ ಹೆಂಗ ಇಲ್ಲ ಅನ್ಲಿ?”

ಎರಡು ದಿನ ಬಿಡದೆ ಉಳಿದ ಮನೆಗಳಿಗೂ ಹೋಗಿ ಕೇಳಿದೆ. ಹದಿನೈದರಲ್ಲಿ ಹನ್ನೊಂದು ಮಂದಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಹುಟ್ಟಿದಾಗಿನಿಂದ ಕನ್ನಡವೇ ಆಡಿದವರು, ಜಗಳವಾಡಿದ್ದೂ ಜೋಗುಳ ಹಾಡಿದ್ದೂ ಕನ್ನಡದಲ್ಲೇ, ಕಲಿತ ಅಕ್ಷರ ಮಾತ್ರ ತೆಲುಗಿನದು. ಗಡಿಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಕೇಳಲಿಲ್ಲ. ಇಂಜೆಕ್ಷನ್ ಕೊಡುವ ಮೊದಲು, “ನಿಮಗೆ ಯಾವುದಾದರೂ ಔಷಧಿ ಆಗಿಬರುವುದಿಲ್ಲವೇ?” ಎಂದು ಸಾವಿರಾರು ಸಲ ಕೇಳಿದವಳು, ಪೇಪರು ಹಾಕಿಸುವ ಮೊದಲು ಓದಲು ಬರುತ್ತದೆಯೇ ಎಂದು ಒಬ್ಬರನ್ನೂ ಕೇಳಲಿಲ್ಲ. ಅವರ ಮರ್ಯಾದೆಯನ್ನು ನಾನು ಓದುವ ಆಸೆ ಎಂದುಕೊಂಡಿದ್ದೆ.

ಏಜೆಂಟರು ಆಗಲೇ ಹೇಳಿಬಿಟ್ಟರು: “ಐದು ಮಂದಿ ಮುಂದಿನ ತಿಂಗಳು ಬ್ಯಾಡ ಅಂದಾರ್ರಿ. ನಿಮಗ ಹೇಳಬ್ಯಾಡ್ರಿ ಅಂತ ಬೇರೆ ಅಂದಾರ.” ಐದು ಹೋದರೆ ಹದಿನೇಳು. ಬಳ್ಳಾರಿಯವರು ಮೂರು ತಿಂಗಳ ಗಡುವು ಕೊಟ್ಟರು. ಅಷ್ಟರೊಳಗೆ ಇಪ್ಪತ್ತು ತುಂಬಿ ನಿಲ್ಲದಿದ್ದರೆ ಡಿಸೆಂಬರಿನ ಆಖರಿಗೆ ಕಟ್ಟು ಬಂದ್.

ಎಲ್ಲರ ಮನೆಗೂ ಮೂರನೆಯ ಸಲ ಹೋದೆ. ಬೇಡವೆಂದರೆ ಬೇಡ, ಮುಲಾಜಿಲ್ಲ ಎಂದೆ. ಕಲಿಯುವ ಮನಸ್ಸಿದ್ದರೆ ಸಂಜೆ ಐದೂವರೆಯಿಂದ ಆರರವರೆಗೆ ನನ್ನ ಜಗುಲಿಗೆ ಬನ್ನಿ ಎಂದೆ. ಮೊದಲ ದಿನ ಒಂಬತ್ತು ಮಂದಿ ಬಂದರು. ಸಂಪಾದಕೀಯ ತೆಗೆದು ಸಾಲು ಸಾಲಾಗಿ ಓದಿಸಿದೆ. ಎರಡನೆಯ ದಿನ ಆರು ಮಂದಿ. ಎಣ್ಣೆ ಗಾಣದವರ ಮನೆಯವರು ಬಜೆಟ್ ಎಂಬ ಪದದ ಮೇಲೆ ಬೆರಳಿಟ್ಟುಕೊಂಡೇ ತೂಕಡಿಸಿದರು. ಮೂರನೆಯ ದಿನ ಮೂವರು, ಅವರಲ್ಲಿ ಒಬ್ಬರು ಬಿಪಿ ನೋಡಿಸಿಕೊಳ್ಳಲು ಬಂದವರು.

ಆ ಸಂಜೆ ಜಾಹೀರಾತಿನ ಹೊತ್ತಿಗೆ ತಂಗಿ ಕೇಳಿದಳು. “ಅದೇನು ಓದುಸ್ತೀಯ ಅವರಿಗೆ?”

“ಸಂಪಾದಕೀಯ.”

“ಅಯ್ಯೋ ನಿನ್ನ. ಇಡ್ಲಿ ತಿನ್ನಾಕೆ ಬಂದೋರಿಗೆ ಕಷಾಯ ಕುಡುಸ್ತಾ ಇದೀಯಲ್ಲಕ್ಕ. ಸಿನಿಮಾ ಪುಟ ಕೊಡು.”

“ನಾನು ಅದನ್ನು ಬಿಚ್ಚಲ್ಲ.”

“ನೀನು ಬಿಚ್ಚಬ್ಯಾಡ ಕಣೆ. ಅವರು ಬಿಚ್ಲಿ. ಆ ಮೊಕಗಳೆಲ್ಲ ಅವರಿಗೆ ಗೊತ್ತಿರೋವೇ. ಮೊಕ ನೋಡಿ ಹೆಸರು ಓದ್ಕಂತಾರೆ.”

ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಬೆಳಿಗ್ಗೆ ಎಣ್ಣೆ ಡಬ್ಬ ಎತ್ತಿ, ಕಲೆಯಾಗದ ಸಿನಿಮಾ ಪುಟಗಳನ್ನು ಹೆಕ್ಕಿ, ಒರೆಸಿ, ಸಂಜೆಗೆ ಜಗುಲಿಯ ಮೇಲೆ ಹರಡಿದೆ.

ಜೀನ್ಸ್ ಹೊಲಿಯುವವಳು ಒಂದು ಫೋಟೋ ನೋಡಿದ ಕೂಡಲೇ ನಾಯಕನ ಹೆಸರು ಹೇಳಿದಳು. ಕೆಳಗಿನ ಅಕ್ಷರಗಳ ಮೇಲೆ ಬೆರಳಾಡಿಸಿ, “ಇದು ನಮ್ಮದೇ ಅಕ್ಷರ ಅಲ್ಲೇನ್ರಿ, ತಲೆ ಬಾಚಿದ್ದು ಮಾತ್ರ ಬ್ಯಾರೆ,” ಎಂದಳು. ತೆಲುಗು ಕಲಿತವರಿಗೆ ಕನ್ನಡದ ಅಕ್ಷರ ನೆಂಟರ ಮನೆ ಇದ್ದ ಹಾಗೆ, ಬಾಗಿಲು ಯಾವ ಕಡೆಗಿದೆ ಎಂದು ತೋರಿಸಿದರೆ ಸಾಕು. ನಾಯಕನ ಹೆಸರಾಯಿತು, ನಾಯಕಿಯದಾಯಿತು, ಯಾರ ಮದುವೆ ಯಾರ ಜೊತೆ ಮುರಿಯಿತು ಎನ್ನುವುದನ್ನು ಪೂರ್ತಿ ಓದಲೇಬೇಕಾಯಿತು. ಮರುದಿನ ಅವಳ ಜೊತೆ ಜೀನ್ಸ್ ಹೊಲಿಯುವ ಇನ್ನಿಬ್ಬರು ಬಂದರು. ಗುಮ್ಮಘಟ್ಟದ ಕಡೆ ಷೇರ್ ಆಟೋ ಓಡಿಸುವವನೊಬ್ಬ, ನಾನು ಕರೆಯದವನು, ಜಗುಲಿಯ ಅಂಚಿಗೆ ಬಂದು ಕೂತ.

“ನಿನಗೆ ಯಾವ ನಾಯಕಿ ಬೇಕಪ್ಪಾ?” ಎಂದೆ.

“ನಾಯಕಿ ಬ್ಯಾಡ್ರಿ. ಕುರಿ ಸಂತಿ ರೇಟು ಎಲ್ಲಿ ಬರೀತಾರ ತೋರಸ್ರಿ ಸಾಕು. ನನ್ನ ಗಿರಾಕಿಗಳು ದಿನಾ ಅದನ್ನ ಕೇಳ್ತಾರ.”

ಹತ್ತು ದಿನಕ್ಕೆ ಅವನು ಕುರಿ ಸಂತೆಯನ್ನು ಓದಿದ. ಇಪ್ಪತ್ತು ದಿನಕ್ಕೆ ಮೊದಲ ಪುಟಕ್ಕೆ ಬಂದು, ಯಾವ ಸುದ್ದಿಯೂ ಕುರಿ ಸಂತೆಯಷ್ಟು ನೇರವಾಗಿ ಬರೆದಿಲ್ಲವೆಂದು ದೂರಿದ. ಅದು ಸರಿಯಾದ ದೂರೇ. ಮೆಸ್ಸಿನವರು ಇಡ್ಲಿ ಬೇಯುವವರೆಗೆ ಗಿರಾಕಿಗಳಿಗೆ ಜೋರಾಗಿ ಓದಿ ಹೇಳತೊಡಗಿದರು. ಸಾಂಬಾರು ಬಡಿಸುತ್ತಾ ಓದಿದ್ದರಿಂದ ಮಂತ್ರಿಯೊಬ್ಬರ ಪ್ರಮಾಣವಚನದ ಸುದ್ದಿಯ ಮಧ್ಯೆ “ಇನ್ನೊಂದು ಸೌಟು ಹಾಕು” ಎಂದೂ ಬಂತಂತೆ. ಪೇಪರು ಬಿಡುತ್ತೇವೆಂದ ಐದು ಮಂದಿಯಲ್ಲಿ ನಾಲ್ವರು ಉಳಿದರು, ಹೊಸಬರೂ ಒಬ್ಬೊಬ್ಬರಾಗಿ ಹಾಕಿಸಿಕೊಳ್ಳತೊಡಗಿದರು.

ನನಗೂ ಒಂದು ಲಾಭವಾಯಿತು. ನಮ್ಮ ಧಾರಾವಾಹಿಯ ಸೊಸೆ ಕನ್ನಡದ ಹುಡುಗಿ, ಮುಂದಿನ ತಿಂಗಳು ಧಾರಾವಾಹಿ ಬಿಡುತ್ತಾಳೆ ಎಂಬುದನ್ನು ನಾನು ಸಿನಿಮಾ ಪುಟದಲ್ಲಿ ತಂಗಿಗಿಂತ ಮೊದಲೇ ಓದಿದೆ. ಕೂಡಲೇ ಫೋನು ಮಾಡಿ ಹೇಳಿದೆ. ಅರವತ್ತು ವರ್ಷದಲ್ಲಿ ಸಿನಿಮಾ ವಿಷಯದಲ್ಲಿ ಅವಳನ್ನು ಸೋಲಿಸಿದ್ದು ಅದೇ ಮೊದಲು.

ನವೆಂಬರಿನಲ್ಲಿ ಅವಳ ಮನೆಗೆ ಒಂದು ವಾರ ಹೋಗಲೇಬೇಕಿತ್ತು, ಅವಳಿಗೆ ಕಣ್ಣಿನ ಆಪರೇಷನ್ ಆಗಿತ್ತು. ಹೊತ್ತು ಹೊತ್ತಿಗೆ ಕಣ್ಣಿಗೆ ಹನಿ ಹಾಕಿದೆ, ಅಮರಾಪುರದಿಂದ ನೋಡಲು ಬಂದ ನೆಂಟರನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲು ಬಿಡಲಿಲ್ಲ, ಅಲ್ಲಿನ ಪೇಪರನ್ನು ಅವಳಿಗೆ ಓದಿ ಹೇಳಿದೆ. ಆದರೆ ಮನಸ್ಸೆಲ್ಲ ರಾಯದುರ್ಗದ ಜಗುಲಿಯಲ್ಲಿತ್ತು. ನಾನಿಲ್ಲದಿದ್ದರೆ ನಿಂತುಹೋಗುವ ಕೆಲಸವಾದರೆ ಅದು ಮತ್ತೆ ನನ್ನ ಮುಲಾಜಿನ ಕೆಲಸವೇ ಆಯಿತು.

ವಾಪಸು ಬಂದ ದಿನ ಬಸ್ಸು ತಡವಾಗಿ, ಮನೆ ಮುಟ್ಟಿದಾಗ ಐದೂ ಮುಕ್ಕಾಲಾಗಿತ್ತು. ಬೀಗ ಹಾಕಿದ ಮನೆಯ ಜಗುಲಿಯ ಮೇಲೆ ಹನ್ನೆರಡು ಮಂದಿ ಕೂತಿದ್ದರು. ಜೀನ್ಸ್ ಹೊಲಿಯುವವಳು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಸಂಪಾದಕೀಯ ಓದಿಸುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಲಿಲ್ಲ, ಆ ಪ್ಯಾರಾ ಮುಗಿಸಿ, “ಹದಿನೈದು ನಿಮಿಷ ತಡ ಆತಲ್ರಿ ಸಿಸ್ಟರಮ್ಮ,” ಎಂದಳು. ನಾನು ಚೀಲ ಇಳಿಸಿ ಕೊನೆಯ ಸಾಲಿನಲ್ಲಿ ಕೂತೆ.

ಈ ವರ್ಷ ಮರೆಯಬಾರದ ಉಪಕಾರಗಳನ್ನು ಇಲ್ಲೇ ಬರೆದುಬಿಡುತ್ತೇನೆ. ನನಗೆ ನಿಜ ಹೇಳಿದ ಅವಳದು ಮೊದಲನೆಯದು. ಉಳಿದವರು ಅಡ್ಡಿಯಿಲ್ಲ ಎಂದುಕೊಂಡು ಸುಮ್ಮನಿದ್ದಾಗ ಆ ಒಂದು ಮಾತು ಹೇಳಲು ಅವಳಿಗೆ ಎಷ್ಟು ಧೈರ್ಯ ಬೇಕಾಗಿರಬೇಕು ಎಂದು ನನಗೆ ಗೊತ್ತು, ನನಗೆ ಹೆದರುವವರನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ. ಬಳ್ಳಾರಿಯವರ ಹತ್ತಿರ ಗಡುವು ಕೇಳಿಕೊಂಡ ಏಜೆಂಟರದು. ಮಳೆ ಬಂದ ದಿನ ಕಟ್ಟನ್ನು ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡು ತಂದ ಬಸ್ಸಿನವರದು. ಕಷಾಯ ಎಂದ ತಂಗಿಯದು, ಆದರೆ ಅದನ್ನು ಅವಳಿಗೆ ಹೇಳುವುದಿಲ್ಲ. ಕೈಕಾಲು, ಕಣ್ಣು ನೆಟ್ಟಗಿಟ್ಟ ದೇವರದು.

ಗಡುವಿನ ಕೊನೆಯ ವಾರದಲ್ಲಿ ಒಂದು ದಿನ ಗ್ಯಾಸ್ ಸಿಲಿಂಡರ್ ಮುಗಿದು, ಬದಲಾಯಿಸಿ ಹೊರಡುವಷ್ಟರಲ್ಲಿ ತಡವಾಯಿತು. ಬಸ್ ಸ್ಟ್ಯಾಂಡ್ ಮುಟ್ಟಿದಾಗ ಏಳು ಗಂಟೆ. ಏಜೆಂಟರ ಮುಂದೆ ತೆಲುಗು ಪೇಪರುಗಳ ರಾಶಿ ಇತ್ತು. ಕನ್ನಡದ ಕಟ್ಟಿನ ದಾರ ಮಾತ್ರ ಬಿದ್ದಿತ್ತು.

“ಪೇಪರ್ ಬಂದಿಲ್ಲೇನ್ರಿ?” ಎಂದೆ.

“ಬಂದಿತ್ರಿ. ಮುಗೀತು.”

“ಮುಗೀತು ಅಂದ್ರ?”

“ಮೂವತ್ತೊಂದು ಬಂದಿದ್ವು, ಮೂವತ್ತೊಂದೂ ಹೋದ್ವು. ನಿಮ್ಮದು ಎತ್ತಿಟ್ಟಿದ್ದೆ ನೋಡ್ರಿ, ಗುಮ್ಮಘಟ್ಟದವರು ಒಬ್ಬರು ಬಂದು ನಿಂತು ಬಿಟ್ರು, ಕೊಡಲಿಲ್ಲಂದ್ರ ಹೋಗಂಗಿಲ್ಲ ಅಂತ. ನೀವು ಬರಲಿಲ್ಲ. ಕೊಟ್ಟೆ. ಬೈಬ್ಯಾಡ್ರಿ.”

ಬೈಯದೆ ಬಿಡುವುದು ನನ್ನ ಅಭ್ಯಾಸದಲ್ಲಿಲ್ಲ, ಅಂದು ಬಿಟ್ಟೆ. ಆಚೆ ಬೆಂಚಿನ ಮೇಲೆ ಪಂಚೆ ಉಟ್ಟ ಒಬ್ಬ ಅಪರಿಚಿತರು ನನ್ನ ಪೇಪರನ್ನು ಅಗಲವಾಗಿ ಬಿಚ್ಚಿಕೊಂಡು, ತುಟಿಯಾಡಿಸುತ್ತಾ, ಒಂದೊಂದೇ ಅಕ್ಷರ ಓದುತ್ತಿದ್ದರು. ಪಕ್ಕದಲ್ಲಿ ಆಟೋದವನು ಅವರಿಗೆ ಒತ್ತಕ್ಷರ ತೋರಿಸುತ್ತಿದ್ದ. ನನ್ನ ಮನೆಗೆ ಒಮ್ಮೆಯೂ ಬಾರದವರು, ನಾನು ಮುಖವನ್ನೂ ನೋಡಿರದವರು.

“ಬಳ್ಳಾರಿಗೆ ಫೋನ್ ಹಚ್ರಿ,” ಎಂದೆ. “ನಾಳೆಯಿಂದ ನಲವತ್ತು ಕಳಸಾಕ ಹೇಳ್ರಿ.”

ಏಜೆಂಟರು ನನ್ನೆದುರೇ ಫೋನು ಹಚ್ಚಿ ಹೇಳಿದರು. ಆ ಕಡೆಯವರು ನಂಬದೆ ಎರಡು ಸಲ ಕೇಳಿದರು, ಎರಡು ಸಲವೂ ಇವರು ನಲವತ್ತು ಎಂದರು.