ಬೆಣ್ಣೆಹಣ್ಣಿನ ಬಾಣಂತನ

ಅವ್ವನಿಗಿದ್ದ ಒಬ್ಬಳೇ ಅಕ್ಕ, ನನ್ನ ದೊಡ್ಡವ್ವ, ಕೆಳಗೆ ಸತ್ಯಮಂಗಲದಲ್ಲಿ ತೀರಿಕೊಂಡಾಗ ನಮ್ಮೂರಿಂದ ಇಳಿಯುವ ದಿಂಬಂ ಘಾಟಿಗೆ ರಾತ್ರಿ ಸಂಚಾರ ತಡೆಯುವ ಗೇಟು ಬಿದ್ದಾಗಿತ್ತು. ಬೆಳಗಿನ ಮೊದಲ ಬಸ್ಸಿಗೆ ನಾವು ಇಳಿದರೂ, ಮಳೆ ಬರುವ ಹಾಗಿದೆಯೆಂದು ಅಷ್ಟರೊಳಗೆ ಮಣ್ಣು ಮಾಡಿಬಿಟ್ಟಿದ್ದರು. ಅವ್ವ ಮುಖವನ್ನೂ ನೋಡಲಿಲ್ಲ, ಒಂದು ಹಿಡಿ ಮಣ್ಣನ್ನೂ ಹಾಕಲಿಲ್ಲ. ಆಮೇಲೆ ದೊಡ್ಡವ್ವ ಬೆಳೆಸಿದ್ದ ಬೆಣ್ಣೆಹಣ್ಣಿನ ಮರವನ್ನು ಕಡಿಸುತ್ತಾರೆಂದು ತಿಳಿದು, ನಾನು ಅದರ ಕಡ್ಡಿಯೊಂದನ್ನು ತಂದು ಗೆಟ್ಟವಾಡಿಯ ನಮ್ಮ ಹಿತ್ತಲಿನ ನಾಟಿ ಬೆಣ್ಣೆಹಣ್ಣಿನ ಗಿಡಕ್ಕೆ ಕಸಿ ಕಟ್ಟಿದೆ. ಅದು ಚಿಗುರಿದ ದಿನ ಅವ್ವ ಹೊಟ್ಟೆ ತುಂಬ ಉಂಡಳು.

"ಅದು ಬಿಸಿಲ ನಾಡಿನ ಜಾತಿ. ನಿಮ್ಮೂರಿನ ಚಳಿಯನ್ನ ನಿಮ್ಮ ಗಿಡದ ಬೇರು ತಡೆದೀತು, ಮೇಲೆ ಕಟ್ಟಿದ ಕಡ್ಡಿ ತಡೆಯುತ್ತೆ ಅನ್ನೋಕಾಗಲ್ಲ. ಹುಟ್ಟುಗುಣ ಸುಟ್ಟರೂ ಹೋಗಲ್ಲ" ಎಂದರು, ವಿಚಾರಿಸಲು ಹೋದಾಗ ನರ್ಸರಿಯವರು. ಇವರಿಗೇನು ಗೊತ್ತು ಎಂದು ಸಿಡುಕಿಕೊಂಡೇ ಮನೆಗೆ ಬಂದೆ.

ಮಾಗಿ ಬಂತು. ಅವ್ವ ಗಿಡಕ್ಕೆ ಬಾಣಂತನ ಶುರು ಮಾಡಿದಳು. ಹಳೇ ಸೀರೆ ಹರಿದು ಅದರ ತಲೆಗೆ ಕಟ್ಟಿದಳು. ಸಂಜೆಯಾದರೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಬುಡದ ಸುತ್ತ ಹೊಗೆ ಹಾಕುತ್ತಿದ್ದಳು.

"ಗಾಳಿ ಕಿವಿಗೋದ್ರೆ ಏನ್ಗತಿ?"

"ಗಿಡಕ್ಕೆ ಎಲ್ಲವ್ವ ಕಿವಿ?"

"ನಿಂಗಿರೋ ಕಿವಿ ಏನ್ ಕೆಲ್ಸ ಮಾಡ್ತವೆ? ನಾನ್ ಏಳಿದ್ನ ಯಾವತ್ತಾರ ಕೇಳಿದ್ದೀಯಾ?"

ಆ ಸಂಜೆಗಳನ್ನು ನೆನೆದರೆ ಈಗಲೂ ನಿದ್ದೆಗಣ್ಣಲ್ಲಿ ಕಂಡಂತಿರುತ್ತದೆ. ಬೆಟ್ಟದ ಕಡೆಯಿಂದ ಮಂಜು ಇಳಿಯುತ್ತಿತ್ತು, ಹೊಗೆ ಏಳುತ್ತಿತ್ತು, ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಅದರೊಳಗೆ ಗಿಡ ಸೆರಗು ಹೊದ್ದ ಹೆಂಗಸಿನ ಹಾಗೆ ನಿಂತಿರುತ್ತಿತ್ತು. ಅವ್ವ ಅದರೊಡನೆ ಮೆಲ್ಲಗೆ ಮಾತಾಡುತ್ತಿದ್ದಳು, ನಡುವೆ ಸುಮ್ಮನಾಗಿ ಉತ್ತರ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ನಾನೂ "ದೊಡ್ಡವ್ವ" ಎಂದು ಕರೆಯಹೊರಟು ನಾಲಿಗೆ ಕಚ್ಚಿಕೊಂಡೆ.

ಕೊರೆಯುವ ಚಳಿಯ ಒಂದು ಬೆಳಗ್ಗೆ ಬಟ್ಟೆ ಬಿಚ್ಚಿದರೆ ಎಲೆಗಳೆಲ್ಲ ಬಿಸಿನೀರು ಬಿದ್ದ ಸೊಪ್ಪಿನಂತೆ ಕಪ್ಪಾಗಿದ್ದವು. ಆದರೂ ಅವ್ವ ಹೊಗೆ ಹಾಕುವುದನ್ನು ಬಿಡಲಿಲ್ಲ. ಚಳಿ ಇಳಿದ ಮೇಲೆ ಒಂದು ದಿನ ಹಿತ್ತಲಿಂದ ಕೂಗಿದಳು.

"ಅಕ್ಕ ಬಂದ್ಲು ಕಣವ್ವ! ಬಾ ನೋಡು!"

ಓಡಿದೆ. ಕೆಂಪು ಚಿಗುರು, ಬೆರಳುದ್ದ. ಆದರೆ ಅದು ಬಂದಿದ್ದು ಕಸಿ ಕಟ್ಟಿದ ಜಾಗದಿಂದ ಕೆಳಗೆ, ನಮ್ಮ ಗಿಡದ ಕಾಂಡದಿಂದ. ಅವ್ವ ಅದನ್ನು ಮುಟ್ಟಿ ಮುಟ್ಟಿ ನಗುತ್ತಿದ್ದಳು. ಸುಮ್ಮನಿರಬಹುದಿತ್ತು. ಆದರೆ ಇನ್ನೆಷ್ಟು ವರ್ಷ ಬೇರೆ ಯಾರನ್ನೋ ಅಕ್ಕ ಎಂದು ಕರೆಯುತ್ತಾಳೆ ಎನ್ನಿಸಿತು.

"ಇದು ನಮ್ದೇ ಗಿಡ ಕಣವ್ವ. ದೊಡ್ಡವ್ವಂದು ಮೇಲಿನ ಕಡ್ಡಿ."

ಅಂದ ಕೂಡಲೇ ನನ್ನ ನಾಲಿಗೆಗೆ ಬರೆ ಹಾಕಿಕೊಳ್ಳಬೇಕು ಅನ್ನಿಸಿತು. ಅವ್ವ ಮೇಲಿನ ಕಡ್ಡಿಯನ್ನು ಉಗುರಿನಿಂದ ಕೆರೆದಳು. ಹಸಿರಿರಲಿಲ್ಲ. ಇನ್ನಷ್ಟು ಕೆಳಗೆ ಕೆರೆದಳು. ಅಲ್ಲೂ ಒಣಗಿತ್ತು.

"ಕುಯ್ಕೊಡು" ಎಂದಳು.

ಕುಯ್ದು ಕೊಟ್ಟೆ. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಕೈಯಲ್ಲೇ ಮಣ್ಣು ತೋಡಿದಳು. ಕಡ್ಡಿಯನ್ನು ಸೆರಗಿನಿಂದ ಒರೆಸಿ, ತನ್ನ ಹಣೆಯ ವಿಭೂತಿಯನ್ನು ಬೆರಳಿಗೆ ತೆಗೆದು ಅದಕ್ಕೆ ಹಚ್ಚಿ, ಒಳಗೆ ಮಲಗಿಸಿದಳು. ನನಗೆ ಅಳು ತಡೆಯಲಾಗಲಿಲ್ಲ. ಅವ್ವ ಅಳಲಿಲ್ಲ. ಹಿಡಿ ತುಂಬ ಮಣ್ಣು ತೆಗೆದು ಹಾಕಿದಳು.

"ಓಗ್ಬುಟ್ಟು ಬಾ, ಅಕ್ಕ" ಎಂದಳು.